ಗೊಡ್ಡು ಎನ್ನುವ ಮುನ್ನ

ದನದ ಸಂತೆಯಲ್ಲಿ “ಈ ಹಸು ಗಬ್ಬ ನಿಲ್ಲೋದಿಲ್ಲ, ಗೊಡ್ಡು” ಎಂಬ ಮಾತನ್ನು ನೀವು ಕೇಳಿರಬಹುದು. ಆ ಒಂದು ಮಾತಿಗೆ ಹಸುವಿನ ಬೆಲೆ ಇಳಿಯುತ್ತದೆ. ಅದನ್ನು ನಂಬಿದ ಸಂಸಾರ ಹಾಲನ್ನೂ ಕರುವನ್ನೂ ಕಳೆದುಕೊಳ್ಳುತ್ತದೆ. ಆದರೆ ಆ ಹಸು ನಿಜವಾಗಿಯೂ ಗೊಡ್ಡೇ? ಇತಿಹಾಸವನ್ನು ಕೇಳೋಣ.

ಮೈಸೂರಿನ ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673–1704) ದನಗಳಿಗಾಗಿ ‘ಬೆಣ್ಣೆ ಚಾವಡಿ’ಯನ್ನು ನಡೆಸಿದರು. ಟಿಪ್ಪು ಸುಲ್ತಾನನ ಕಾಲದಲ್ಲಿ ಅದಕ್ಕೆ ‘ಅಮೃತಮಹಲ್’ ಎಂಬ ಹೆಸರಾಯಿತು. ಚಿತ್ರದುರ್ಗ ಸೀಮೆಯಲ್ಲೂ ಅದರ ಕಾವಲುಗಳಿದ್ದವು. ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಕಾವಲು; ಮೇವು ಇದ್ದಲ್ಲಿಗೆ ಮಂದೆ ಹೊರಡುತ್ತಿತ್ತು. ಮಂದೆಯ ಜೊತೆಗೇ ಹೋರಿಗಳೂ ಇರುತ್ತಿದ್ದವು. ಹಸು ಬೆದೆಗೆ ಬಂದದ್ದನ್ನು ಹೋರಿ ತಾನೇ ಅರಿಯುತ್ತಿತ್ತು.

1860ರಲ್ಲಿ ಖರ್ಚು ಉಳಿಸಲೆಂದು ಸರ್ಕಾರ ಈ ಮಂದೆಯನ್ನೇ ಮಾರಿಬಿಟ್ಟಿತು. ಒಳ್ಳೆಯ ಎತ್ತುಗಳ ಕೊರತೆ ತಲೆದೋರಿ, 1866ರಲ್ಲಿ ಮತ್ತೆ ಕಟ್ಟಬೇಕಾಯಿತು. ಹೊಸದುರ್ಗದ ನೆರೆಯ ಅಜ್ಜಂಪುರದಲ್ಲಿ ಈ ತಳಿಯ ಸಂವರ್ಧನಾ ಕೇಂದ್ರ ಇಂದಿಗೂ ಇದೆ.

1939ರಲ್ಲಿ ಮೈಸೂರು ಅರಮನೆಯ ಡೇರಿ ಫಾರಂನಲ್ಲಿ ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಿದರು. ಭಾರತದಲ್ಲಿ ಇದೇ ಮೊದಲು. ಮುಂದೆ ಈ ವಿಧಾನ ಹಳ್ಳಿಹಳ್ಳಿಗೂ ಬಂತು. ಒಂದು ಹೋರಿಯ ವೀರ್ಯದಿಂದ ಸಾವಿರಾರು ಹಸುಗಳು ಗಬ್ಬವಾಗುವಂತಾಯಿತು. ಆದರೆ ಬೆದೆ ಗುರುತಿಸುತ್ತಿದ್ದ ಹೋರಿ ಕೊಟ್ಟಿಗೆಯಿಂದ ದೂರವಾಯಿತು. ಆ ಹೊಣೆ ಮನುಷ್ಯನ ಕಣ್ಣಿಗೆ ಬಿತ್ತು.

ಕಣ್ಣು ತಪ್ಪುವುದು ಸುಲಭ. ಹಸು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಅದು ಉಳಿಯುವುದು ಸಾಮಾನ್ಯವಾಗಿ 18 ಗಂಟೆಯವರೆಗೆ, ಅದೂ ಎಷ್ಟೋ ಸಲ ರಾತ್ರಿ ಹೊತ್ತು. ಕೂಗಾಟ, ತಿಳಿಯಾದ ಲೋಳೆ, ಇನ್ನೊಂದು ಹಸು ಮೇಲೇರಿದರೂ ಕದಲದೆ ನಿಲ್ಲುವುದು ಇದರ ಲಕ್ಷಣಗಳು. ಬೆಳಿಗ್ಗೆ ಕಂಡರೆ ಅಂದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಬೇಕು.

ಇನ್ನೊಂದು ಕಾರಣ ಹೊಟ್ಟೆ. ಹಿರಿಯೂರಿನಂಥ ಕಡಿಮೆ ಮಳೆಯ ಕಡೆ ಬರಗಾಲದಲ್ಲಿ ಒಣಹುಲ್ಲೇ ಗತಿ. ರಂಜಕ ಮುಂತಾದ ಖನಿಜಗಳು ಸಾಲದೆ ಹೋದರೆ ಅಂಡಾಶಯ ಸುಮ್ಮನಾಗುತ್ತದೆ. ಹಸಿರು ಮೇವು, ಖನಿಜ ಮಿಶ್ರಣ ಕೊಟ್ಟರೆ ಅನೇಕ ಹಸುಗಳು ಮತ್ತೆ ಬೆದೆಗೆ ಬರುತ್ತವೆ. ಮೂರು ಸಲ ಮಾಡಿಸಿದರೂ ಗಬ್ಬ ನಿಲ್ಲದಿದ್ದರೆ ಗರ್ಭಕೋಶದ ಸೋಂಕಿರಬಹುದು, ಪಶುವೈದ್ಯರು ಪರೀಕ್ಷಿಸಲೇಬೇಕು.

ಹೊಳಲ್ಕೆರೆಯಲ್ಲೋ ಹೊಸದುರ್ಗದಲ್ಲೋ ನಿಮ್ಮ ಮನೆಯಲ್ಲಿ ಹಸುವಿದ್ದರೆ, ಹಳೆಯ ನೋಟ್‌ಬುಕ್ಕಿನಲ್ಲಿ ಅದರ ಬೆದೆಯ ದಿನಾಂಕ ಬರೆದಿಡಿ. ಸಂತೆಗೆ ಹೊಡೆಯುವ ಮುನ್ನ ಅಪ್ಪನಿಗೆ ಆ ಪುಟ ತೋರಿಸಿ.