ಹುಳುವಿಗೊಂದು ಹೆಸರು: ಮೀನಿನ ಪರೋಪಜೀವಿಗಳ ನಾಮಕರಣ ಮತ್ತು ಬೆಂಗಳೂರು

ನಾಮಕರಣವು ಜಾನಪದ ಅಧ್ಯಯನಕ್ಕೆ ಹೊಸ ವಿಷಯವಲ್ಲ. ತೊಟ್ಟಿಲ ಶಾಸ್ತ್ರದಲ್ಲಿ ಹೆಸರು ಕರೆಯುವವರಿರಬೇಕು, ಅದಕ್ಕೆ ಸಾಕ್ಷಿಯಾಗಿ ನಾಲ್ಕು ಜನ ಕೇಳುವವರಿರಬೇಕು. ಪ್ರಾಣಿಶಾಸ್ತ್ರವೂ ಹೊಸ ಪ್ರಭೇದಕ್ಕೆ ಇಂಥವೇ ಎರಡು ಆಧಾರಗಳನ್ನು ಬಯಸುತ್ತದೆ: ಅಚ್ಚಾದ ವಿವರಣೆ ಮತ್ತು ಕಾಪಿಟ್ಟ ಮೂಲಮಾದರಿ. ಮೊದಲನೆಯದನ್ನು ಬೆಂಗಳೂರು ಧಾರಾಳವಾಗಿ ಒದಗಿಸಿತು. ಎರಡನೆಯದನ್ನು ಉಳಿಸಿಕೊಳ್ಳುವಲ್ಲಿ ಎಡವಿತು.

ಸಿಹಿನೀರಿನ ಮೀನುಗಳ ಕಿವಿರು, ಕರುಳು, ಗಾಳಿಚೀಲಗಳಲ್ಲಿ ಚಪ್ಪಟೆ ಹುಳುಗಳು ವಾಸಿಸುತ್ತವೆ. ಬಾಳೆಮೀನಿನ ಗಾಳಿಚೀಲದ ಐಸೊಪರಾರ್ಕಿಸ್ ಬರಿಗಣ್ಣಿಗೆ ಕಾಣುವಷ್ಟು ದೊಡ್ಡದು. ಮೀನು ಕೊಯ್ಯುವವರು ಅದನ್ನು ವಿದ್ವಾಂಸರಿಗಿಂತ ಮೊದಲೇ ಕಂಡಿರಬೇಕು. ಕಿವಿರಿನ ಹುಳುಗಳಾದರೋ ಬಹುಪಾಲು ಒಂದು ಮಿಲಿಮೀಟರಿಗೂ ಚಿಕ್ಕವು. ಅವುಗಳ ಗುರುತು ಇರುವುದು ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಕೊಕ್ಕೆಗಳ ಆಕಾರದಲ್ಲಿ. ಒಳಾಂಗಗಳಲ್ಲಿ ನೆಲೆಸುವ ಹುಳುವನ್ನು ಗಾಜಿನ ಪಟ್ಟಿಗಳ ನಡುವೆ ಒತ್ತಿ, ಕಾರ್ಮೈನ್ ಬಣ್ಣ ಕೊಟ್ಟು, ಹೀರುಬಟ್ಟಲು, ವೃಷಣ, ಅಂಡಾಶಯಗಳ ಸ್ಥಾನವನ್ನು ಚಿತ್ರಿಸಿಕೊಳ್ಳಬೇಕು. ಒತ್ತು ಹೆಚ್ಚಾದರೆ ಅಂಗಗಳು ಸರಿದು, ಇಲ್ಲದ ಪ್ರಭೇದವೊಂದು ಕಾಗದದ ಮೇಲೆ ಹುಟ್ಟಿಬಿಡುವುದೂ ಉಂಟು.

ಅಲಹಾಬಾದಿನಲ್ಲಿ ಎಚ್. ಆರ್. ಮೆಹ್ರಾ, ಲಕ್ನೋದಲ್ಲಿ ಜಿ. ಎಸ್. ಥಾಪರ್ ಈ ವಿದ್ಯೆಯ ಪರಂಪರೆಗಳನ್ನು ಕಟ್ಟಿದರು. ಬೆಂಗಳೂರಿನ ಪಾತ್ರ ಬೇರೆ ಬಗೆಯದು. 1932ರಲ್ಲಿ ‘ಕರೆಂಟ್ ಸೈನ್ಸ್’ ಇಲ್ಲಿ ಆರಂಭವಾಯಿತು. 1916ರಲ್ಲಿ ಸ್ಥಾಪನೆಯಾದ, ಇಂದು ಮನೆಮನೆಯ ಗೋಡೆಯ ಕ್ಯಾಲೆಂಡರಿನಿಂದ ಪರಿಚಿತವಾದ ಬೆಂಗಳೂರು ಪ್ರೆಸ್ ಅದನ್ನು ಅಚ್ಚು ಹಾಕಿತು. 1934ರಲ್ಲಿ ಸಿ. ವಿ. ರಾಮನ್ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ನಡಾವಳಿಯೂ ಇಲ್ಲಿಂದಲೇ ಹೊರಟಿತು. ಸಮುದ್ರಮೀನುಗಳ ಚಪ್ಪಟೆ ಹುಳುಗಳನ್ನು ಕುರಿತ ಬಿ. ಎಸ್. ಚೌಹಾನ್ ಅವರ ಲೇಖನಮಾಲೆ 1945ರಲ್ಲಿ ಪ್ರಕಟವಾದದ್ದು ಈ ನಡಾವಳಿಯಲ್ಲಿ. ಕಡಲಿಲ್ಲದ ಊರಿನಲ್ಲಿ ಕಡಲಮೀನಿನ ಹುಳುಗಳಿಗೆ ಹೆಸರಾಯಿತು.

‘ಕರೆಂಟ್ ಸೈನ್ಸ್’ನ ಮೊದಲ ಸಂಪಾದಕರು ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಾಧ್ಯಾಪಕ ಸಿ. ಆರ್. ನಾರಾಯಣ ರಾವ್ (1882–1960). ಮೈಸೂರು ಸೀಮೆಯ ಗೆಂಡೆ ವರ್ಗದ ಹೊಸ ಮೀನುಗಳನ್ನು ಅವರು 1920ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ವರ್ಣಿಸಿದ್ದರು. 1937ರಲ್ಲಿ ದಕ್ಷಿಣ ಭಾರತದ ಹೊಸ ಕಪ್ಪೆಗಳನ್ನು ವರ್ಣಿಸುವ ವೇಳೆಗೆ ಅವರಿಗೆ ಅಕಾಡೆಮಿಯ ನಡಾವಳಿ ಊರಿನಲ್ಲಿಯೇ ದೊರೆತಿತ್ತು. ಹುಳುವಿನ ಪ್ರಸ್ತಾಪದಲ್ಲಿ ಕಪ್ಪೆಯನ್ನು ತರಲು ಕಾರಣವಿದೆ: ಮೀನು, ಕಪ್ಪೆ, ಹುಳು ಮೂರಕ್ಕೂ ನಾಮಕರಣದ ನಿಯಮ ಒಂದೇ. ಕಾಲೇಜಿನಲ್ಲಿರಿಸಿದ್ದ ಆ ಕಪ್ಪೆಗಳ ಮೂಲಮಾದರಿಗಳು ಕಳೆದುಹೋದವು. ಅವರಿಟ್ಟ ಕೆಲವು ಹೆಸರುಗಳು ಯಾವ ಕಪ್ಪೆಗೆ ಸಲ್ಲಬೇಕೆಂಬುದು ಇದರಿಂದಾಗಿ ವಿವಾದಕ್ಕೆ ಒಳಗಾಯಿತು. 2010ರಲ್ಲಿ ಪೊದೆಗಪ್ಪೆಗಳ ಕುಲವೊಂದಕ್ಕೆ ‘ರಾವೋರ್ಕೆಸ್ಟಿಸ್’ ಎಂದು ಅವರ ಹೆಸರನ್ನೇ ಇಡಲಾಯಿತು. ಗೌರವವೇನೋ ಸಂದಿತು, ಜಾಡಿಗಳು ಮರಳಲಿಲ್ಲ.

ಹುಳುವಿನ ವಿಷಯದಲ್ಲಿ ಈ ನಷ್ಟ ಇನ್ನೂ ತೀವ್ರ. ಒಂದೆರಡು ಮಾದರಿಗಳನ್ನೇ ನೆಚ್ಚಿ ಇಟ್ಟ ಹೆಸರನ್ನು ಪರೀಕ್ಷಿಸಲು ಮೂಲ ಗಾಜುಪಟ್ಟಿಯೇ ಬೇಕು. ಹೊಸ ಹೆಸರಿನೊಡನೆ ಮೂಲಮಾದರಿಯನ್ನು ಸ್ಪಷ್ಟವಾಗಿ ಗೊತ್ತುಪಡಿಸುವುದು 2000ದಿಂದ ಕಡ್ಡಾಯವಾಗಿದೆ. ಅದರೊಡನೆ ಆಶ್ರಯ ನೀಡಿದ ಮೀನಿನ ಗುರುತೂ ಸರಿಯಾಗಿರಬೇಕು; ಕಿವಿರಿನ ಹುಳುಗಳಲ್ಲಿ ಅನೇಕವು ಒಂದೇ ಪ್ರಭೇದದ ಮೀನಿಗೆ ಅಂಟಿಕೊಂಡಿರುತ್ತವೆ. ನಮ್ಮ ಆಡುಮಾತಿನ ‘ಗೆಂಡೆ’ಯಾದರೋ ಹಲವು ಪ್ರಭೇದಗಳಿಗೆ ಸಲ್ಲುವ ಹೆಸರು. ಸಂಗ್ರಾಹಕನು ಬುಟ್ಟಿಯ ಮೀನನ್ನೆಲ್ಲ ಗೆಂಡೆಯೆಂದೇ ಬರೆದುಕೊಂಡರೆ ಹುಳುವಿನ ವಿಳಾಸ ತಪ್ಪುತ್ತದೆ. ಯಾವ ಕೆರೆಯ ಯಾವ ಗೆಂಡೆಯೆಂದು ಬೆಸ್ತರನ್ನು ವಿಚಾರಿಸಿ, ಅವರು ಕರೆಯುವ ಹೆಸರನ್ನೂ ಮಾದರಿಯ ಚೀಟಿಯಲ್ಲಿ ಬರೆದಿಡುವುದಕ್ಕೆ ಹೆಚ್ಚಿನ ವೆಚ್ಚವೇನೂ ತಗಲುವುದಿಲ್ಲ.