ಗಾಲ್ಫ್: ಹೊಡೆಯೋಕೂ ಮೊದಲು ನಿಲ್ಲೋದು ಕಲೀಬೇಕು, ಮನೆ ಮಹಡಿ ಮೇಲೇ ಅಭ್ಯಾಸ ಮಾಡ್ಬಹುದು

ಹನುಮಂತನಗರ: ಕ್ರಿಕೆಟ್ ಬ್ಯಾಟ್ ಹಿಡಿದೇ ಬೆಳೆಯೋ ಹನುಮಂತನಗರ, ಗವಿಪುರದ ಮಕ್ಕಳಿಗೆ ಗಾಲ್ಫ್ ಅಂದ್ರೆ ಟಿವಿ ಆಟ. ಆದರೆ 1998ರಲ್ಲಿ ಬೆಂಗಳೂರಲ್ಲೇ ಹುಟ್ಟಿದ ಅದಿತಿ ಅಶೋಕ್ ಐದನೇ ವಯಸ್ಸಿಗೆ ಗಾಲ್ಫ್ ಶುರು ಮಾಡಿದವರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಒಂದು ಹೊಡೆತದಿಂದ ಪದಕ ತಪ್ಪಿ ನಾಲ್ಕನೇ ಸ್ಥಾನ ಪಡೆದರು. 2023ರ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದರು.

ಒಂದು ಹೊಡೆತಕ್ಕೆ ಇಷ್ಟು ಬೆಲೆ. ಗಾಲ್ಫ್‌ನಲ್ಲಿ ಚೆಂಡು ನಿಂತಲ್ಲೇ ಇರುತ್ತೆ. ತಪ್ಪಾದ್ರೆ ಬೌಲರ್ ಮೇಲೆ ಹಾಕೋ ಹಾಗಿಲ್ಲ. ಅದಕ್ಕೇ ನಿಲ್ಲುವ ರೀತಿ ಮೊದಲು ಸರಿಯಾಗಬೇಕು.

ಮೊದಲು ಗುರಿ, ಆಮೇಲೆ ಕಾಲು

ಚೆಂಡಿನ ಹಿಂದೆ ನಿಂತು ಬಾವುಟ ನೋಡಿ. ಅದು ದೂರ ಇರೋದ್ರಿಂದ ಅದೇ ನೇರದಲ್ಲಿ ಚೆಂಡಿನ ಮುಂದೆ ಒಂದೆರಡು ಅಡಿಯಲ್ಲಿರೋ ಒಣಎಲೆಯನ್ನೋ ಹುಲ್ಲಿನ ಗುರುತನ್ನೋ ಆರಿಸಿಕೊಳ್ಳಿ. ಕ್ಲಬ್‌ನ ಮುಖವನ್ನು ಮೊದಲು ಅದಕ್ಕೆ ನೇರವಾಗಿ ಇಡಿ. ಆಮೇಲೆ ಕಾಲು ಇಡಿ.

ಎರಡು ಗೆರೆ ನೆನಪಿಡಿ

ಚೆಂಡಿನಿಂದ ಬಾವುಟಕ್ಕೆ ಒಂದು ಗೆರೆ. ಕಾಲ್ಬೆರಳು, ಮಂಡಿ, ಸೊಂಟ, ಭುಜದ್ದು ಇನ್ನೊಂದು ಗೆರೆ. ಎರಡೂ ರೈಲು ಹಳಿ ಥರ ಪಕ್ಕಪಕ್ಕ ಹೋಗಬೇಕು, ಸೇರಬಾರದು. ಬಲಗೈ ಆಟಗಾರರ ದೇಹದ ಗೆರೆ ಬಾವುಟದ ಸ್ವಲ್ಪ ಎಡಕ್ಕೆ ಹೋಗುತ್ತೆ, ಅದೇ ಸರಿ.

ಹೊಸಬರು ಭುಜವನ್ನೇ ಬಾವುಟಕ್ಕೆ ಗುರಿ ಇಡ್ತಾರೆ. ಆಗ ಇಡೀ ದೇಹ ಬಲಕ್ಕೆ ತಿರುಗುತ್ತೆ. ಅದನ್ನು ಸರಿಮಾಡೋಕೆ ಕೈ ಎಡಕ್ಕೆ ಎಳೆಯುತ್ತೆ, ಹೊಡೆತ ಕೆಡುತ್ತೆ. ಚೆಂಡು ಹೋಗೋ ದಿಕ್ಕು ಬರೀ 5 ಡಿಗ್ರಿ ತಪ್ಪಿದ್ರೂ 150 ಮೀಟರ್ ದೂರದಲ್ಲಿ ಅದು ಸುಮಾರು 13 ಮೀಟರ್ ಪಕ್ಕಕ್ಕೆ ಬೀಳುತ್ತೆ.

ನಿಲುವು ಹೀಗಿರಲಿ

* ಉದ್ದದ ಕ್ಲಬ್‌ಗೆ ಕಾಲುಗಳ ನಡುವೆ ಭುಜದಷ್ಟು ಅಗಲ, ಚಿಕ್ಕ ಕ್ಲಬ್‌ಗೆ ಅದಕ್ಕಿಂತ ಕಡಿಮೆ.
* ಬೆನ್ನು ಗೂನು ಮಾಡ್ಬೇಡಿ. ತೊಡೆಸಂದಿಯಿಂದ ಬಾಗಿ, ಮಂಡಿ ಸ್ವಲ್ಪ ಸಡಿಲ ಬಿಡಿ.
* ಕೈಗಳು ಭುಜದಿಂದ ಸಲೀಸಾಗಿ ಜೋತಿರಲಿ.
* ಭಾರ ಪಾದದ ಮಧ್ಯದಲ್ಲಿರಲಿ, ಹಿಮ್ಮಡಿ ಮೇಲೆ ಬೇಡ.
* ಡ್ರೈವರ್ ಹೊಡೆಯುವಾಗ ಚೆಂಡು ಎಡ ಹಿಮ್ಮಡಿಯ ಒಳಬದಿಯ ನೇರಕ್ಕೆ, ಚಿಕ್ಕ ಐರನ್‌ಗೆ ಎರಡೂ ಕಾಲಿನ ಮಧ್ಯಕ್ಕೆ. ಎಡಗೈಯವರಿಗೆ ಎಲ್ಲಾ ಉಲ್ಟಾ.

ಮಹಡಿಯಲ್ಲಿ ಅಭ್ಯಾಸ

ಇಷ್ಟಕ್ಕೆ ದುಬಾರಿ ಕಿಟ್ ಬೇಕಿಲ್ಲ. ಮಹಡಿಯ ಟೈಲ್ಸ್ ಗೆರೆಗಳೇ ಸಾಕು. ಒಂದು ಗೆರೆ ಚೆಂಡಿಗೆ, ಇನ್ನೊಂದು ಕಾಲ್ಬೆರಳಿಗೆ. ಟೈಲ್ಸ್ ಇಲ್ಲಾಂದ್ರೆ ಎರಡು ನೆಟ್ಟನೆ ಕೋಲು ಇಟ್ಟುಕೊಳ್ಳಿ. ಹಿಂದಿನಿಂದ ಮೊಬೈಲ್‌ನಲ್ಲಿ ವಿಡಿಯೊ ಮಾಡಿಸಿದ್ರೆ ಭುಜ ಎತ್ತ ತಿರುಗಿದೆ ಅಂತ ಗೊತ್ತಾಗುತ್ತೆ. ನಿಲ್ಲೋದು ಮಾತ್ರ ಕಲೀರಿ. ಮಹಡಿಯಲ್ಲಾಗಲೀ ರಸ್ತೆಯಲ್ಲಾಗಲೀ ಗಾಲ್ಫ್ ಚೆಂಡು ಹೊಡೆದ್ರೆ ಜನರಿಗೂ, ಕಾರಿನ ಗಾಜಿಗೂ ಅಪಾಯ.

ಪಂದ್ಯದಲ್ಲಿ ಕೋಲು ಇಡಂಗಿಲ್ಲ

ಪಂದ್ಯದಲ್ಲಿ ಗುರಿಗಾಗಿ ನೆಲದ ಮೇಲೆ ಕೋಲೋ ಕ್ಲಬ್ಬೋ ಇಟ್ಟು ನಿಂತರೆ ಸ್ಟ್ರೋಕ್ ಪ್ಲೇನಲ್ಲಿ 2 ಹೊಡೆತದ ದಂಡ. ಹೊಡೆಯೋಕೆ ಮುಂಚೆ ತೆಗೆದ್ರೂ ದಂಡ ತಪ್ಪಲ್ಲ. 2019ರ ನಿಯಮದಂತೆ, ಆಟಗಾರ ನಿಲ್ಲಲು ಶುರು ಮಾಡಿದ ಮೇಲೆ ಕ್ಯಾಡಿ ಹಿಂದಿನ ಗೆರೆಯಲ್ಲಿ ನಿಂತು ದಿಕ್ಕು ಹೇಳಿಕೊಡುವಂತಿಲ್ಲ.

ಮೈದಾನ ಎಲ್ಲಿದೆ?

1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ ಸ್ಯಾಂಕಿ ರಸ್ತೆಯಲ್ಲಿದೆ. ಅದಿತಿ ಅಭ್ಯಾಸ ಮಾಡಿದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ 18 ಹೋಲ್ ಮೈದಾನ ಚಲ್ಲಘಟ್ಟದ ಕಡೆ ಇದೆ. ಮಕ್ಕಳನ್ನು ಕರ್ಕೊಂಡು ಹೋಗೋ ಮೊದಲು ಸದಸ್ಯರಲ್ಲದವರಿಗೆ ಪ್ರವೇಶ, ತರಬೇತಿ, ಶುಲ್ಕದ ಬಗ್ಗೆ ಅಲ್ಲೇ ವಿಚಾರಿಸಿಕೊಳ್ಳಿ.