ಸರ್ಕಾರಿ ಕಚೇರಿಗಳಲ್ಲಿನ ಸಂವಹನ ಶೈಲಿಗಳು: ಟಿಪ್ಪಣಿ, ಪತ್ರ, ಹಿಂಬರಹ ಮತ್ತು ಮೌಖಿಕ ಮಾತುಕತೆ

ಸಾರ್ವಜನಿಕರು ಸಲ್ಲಿಸುವ ಅರ್ಜಿಯು ಅಂತಿಮ ಆದೇಶವಾಗಿ ಹೊರಬರುವ ಮುನ್ನ ವಿಷಯ ನಿರ್ವಾಹಕರು, ಶಾಖಾಧಿಕಾರಿ ಹಾಗೂ ಮೇಲಧಿಕಾರಿಗಳ ಮೇಜುಗಳನ್ನು ಹಾದು ಹೋಗುತ್ತದೆ. ಈ ಮೇಜುಗಳ ನಡುವಿನ ಸಂವಹನವು ಬಹುಪಾಲು ಬರವಣಿಗೆಯಲ್ಲಿ ನಡೆಯುತ್ತದೆ. ಆ ಬರವಣಿಗೆಗೆ ತನ್ನದೇ ಆದ ಶೈಲಿ ಇದ್ದು, ಅದನ್ನು ತಪ್ಪಾಗಿ ಅರ್ಥೈಸಿಕೊಂಡಾಗ ಸಿಬ್ಬಂದಿಯ ನಡುವೆ ವೈಮನಸ್ಯವೂ, ಅರ್ಜಿದಾರರಿಗೆ ವಿಳಂಬವೂ ಉಂಟಾಗುತ್ತವೆ.

ಟಿಪ್ಪಣಿ

ಕಡತದ ಟಿಪ್ಪಣಿ ಹಾಳೆಯಲ್ಲಿ ವಿಷಯ ನಿರ್ವಾಹಕರು ಪ್ರಕರಣದ ಸಂಗತಿ, ಅನ್ವಯವಾಗುವ ನಿಯಮ ಹಾಗೂ ತಮ್ಮ ಪ್ರಸ್ತಾವನೆಯನ್ನು ಬರೆದು "ಆದೇಶಕ್ಕಾಗಿ ಮಂಡಿಸಿದೆ" ಎಂದು ಮುಗಿಸುತ್ತಾರೆ. "ನಾನು" ಎಂಬ ಪದವು ಇಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಅಭಿಪ್ರಾಯವು ವ್ಯಕ್ತಿಯದ್ದಲ್ಲ, ಹುದ್ದೆಯದ್ದು ಎಂಬುದು ಇದರ ಹಿಂದಿನ ತತ್ವ. ಮೇಲಧಿಕಾರಿಯು ಒಪ್ಪದಿದ್ದಲ್ಲಿ ಅದೇ ಹಾಳೆಯಲ್ಲಿ ಕಾರಣ ಬರೆಯುತ್ತಾರೆ, ಅಥವಾ "ಚರ್ಚಿಸಿ" ಎಂಬ ಒಂದೇ ಪದವನ್ನು ಬರೆದು ಕಡತವನ್ನು ಹಿಂದಿರುಗಿಸುತ್ತಾರೆ.

ಕಚೇರಿಗಳಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆಗೆ ಎಡೆಮಾಡುವುದು ಈ ಒಂದು ಪದವೇ ಎಂದರೆ ತಪ್ಪಾಗಲಾರದು. ಬರೆದವರ ಉದ್ದೇಶ ಹಲವು ವೇಳೆ ಎರಡು ನಿಮಿಷದ ವಿವರಣೆ ಮಾತ್ರ. ಓದಿದ ಹೊಸ ನೌಕರರಾದರೋ ತಮ್ಮ ಟಿಪ್ಪಣಿಯಲ್ಲಿ ದೋಷ ಹಿಡಿಯಲಾಗಿದೆ ಎಂದು ಭಾವಿಸಿ, ಕೊಠಡಿಗೆ ಹೋಗಲು ಹಿಂಜರಿದು, ಕಡತವನ್ನು ತಮ್ಮ ಬಳಿಯೇ ಇರಿಸಿಕೊಳ್ಳುತ್ತಾರೆ. ಅಷ್ಟರಲ್ಲಿ ಅರ್ಜಿದಾರರು ಎರಡು ಬಾರಿ ಬಂದು ಹೋಗಿರುತ್ತಾರೆ. ಯಾವ ಅಂಶದ ಬಗ್ಗೆ ಚರ್ಚೆ ಎಂಬುದನ್ನು ಮೇಲಧಿಕಾರಿಯು ನಾಲ್ಕು ಪದಗಳಲ್ಲಿ ಸೇರಿಸುವುದರಿಂದಲೂ, ಚರ್ಚೆಯ ನಂತರ "ಚರ್ಚಿಸಿದಂತೆ" ಎಂದಷ್ಟೇ ಬರೆಯದೆ ನಿರ್ಧಾರವೇನೆಂದು ನೌಕರರು ದಾಖಲಿಸುವುದರಿಂದಲೂ ಈ ತೊಂದರೆ ತಪ್ಪುತ್ತದೆ. ವರ್ಗಾವಣೆಯಾಗಿ ಬರುವ ಮುಂದಿನ ನೌಕರರಿಗೆ ಹಿಂದಿನವರು ಏನು ಚರ್ಚಿಸಿದರು ಎಂಬುದು ಕನಸಿನಲ್ಲಿ ತಿಳಿಯುವುದಿಲ್ಲ.

ಇ-ಆಫೀಸ್ ವ್ಯವಸ್ಥೆಯಲ್ಲಿ ಹಳದಿ ಟಿಪ್ಪಣಿಯು ಕರಡು ರೂಪದ್ದಾಗಿದ್ದು, ಅದನ್ನು ತಿದ್ದಬಹುದು ಅಥವಾ ತೆಗೆದುಹಾಕಬಹುದು. ಹಸಿರು ಟಿಪ್ಪಣಿಯನ್ನು ಒಮ್ಮೆ ಕಳುಹಿಸಿದ ನಂತರ ಬದಲಿಸಲಾಗದು. ಮೃದುವಾಗಿ ಕೇಳಬೇಕಾದ ಸಂದೇಹವನ್ನು ಹಳದಿಯಲ್ಲಿ ಕೇಳುವುದು ಅನುಭವಿ ನೌಕರರ ರೂಢಿ.

ಪತ್ರ ವ್ಯವಹಾರದ ವಿಧಗಳು

ಸರ್ಕಾರಿ ಪತ್ರವು ಹುದ್ದೆಯಿಂದ ಹುದ್ದೆಗೆ ಹೋಗುತ್ತದೆ. ಅರೆ ಸರ್ಕಾರಿ ಪತ್ರವು ಅಧಿಕಾರಿಯ ಹೆಸರಿಗೆ ಹೋಗುತ್ತದೆ. ವಿಳಂಬವಾದ ವಿಷಯಕ್ಕೆ ಅವರ ವೈಯಕ್ತಿಕ ಗಮನ ಸೆಳೆಯುವುದು ಇದರ ಉದ್ದೇಶ. ಎಲ್ಲದಕ್ಕೂ ಅರೆ ಸರ್ಕಾರಿ ಪತ್ರ ಬರೆದಲ್ಲಿ ಅದರ ಬೆಲೆ ಕುಂದುತ್ತದೆ. "ಅನಧಿಕೃತ ಟಿಪ್ಪಣಿ" ಎಂಬ ಹೆಸರು ದಾರಿ ತಪ್ಪಿಸುವಂತಹದು: ಒಂದು ಇಲಾಖೆಯು ಮತ್ತೊಂದರ ಅಭಿಪ್ರಾಯ ಕೋರಲು ಬಳಸುವ ಇದು ಸಂಪೂರ್ಣವಾಗಿ ಅಧಿಕೃತ ದಾಖಲೆಯೇ ಆಗಿರುತ್ತದೆ. ಜ್ಞಾಪನದಲ್ಲಿ ಸಂಬೋಧನೆ ಇರುವುದಿಲ್ಲ. ಆಡುಮಾತಿನಲ್ಲಿ "ಮೆಮೊ ಕೊಟ್ಟರು" ಎಂದರೆ ಶಿಸ್ತುಕ್ರಮ ಎಂಬ ಅರ್ಥ ಬೇರೂರಿರುವುದರಿಂದ, ಮಾಹಿತಿ ಕೇಳುವ ಸಾಧಾರಣ ಜ್ಞಾಪನವೂ ನೌಕರರಲ್ಲಿ ಆತಂಕ ಹುಟ್ಟಿಸುವುದುಂಟು. ಸರ್ಕಾರದ ಆದೇಶಗಳು ರಾಜ್ಯಪಾಲರ ಹೆಸರಿನಲ್ಲಿ ಹೊರಡುವುದು ಸಂವಿಧಾನದ 166ನೇ ಅನುಚ್ಛೇದದ ಪ್ರಕಾರ.

ಹಿಂಬರಹ

ಅರ್ಜಿದಾರರ ಕೈಸೇರುವುದು ಸಾಮಾನ್ಯವಾಗಿ ಹಿಂಬರಹ. ಅದರ ಭಾಷೆ ಶುಷ್ಕವಾಗಿರುವುದರಿಂದ ಅನೇಕರು ಎಲ್ಲ ಹಿಂಬರಹವನ್ನೂ ನಿರಾಕರಣೆ ಎಂದೇ ತಿಳಿಯುತ್ತಾರೆ. "ದಾಖಲೆಗಳನ್ನು ಹಾಜರುಪಡಿಸಲು ಸೂಚಿಸಿದೆ" ಎಂದಿದ್ದಲ್ಲಿ ಅರ್ಜಿಯು ಜೀವಂತವಾಗಿದೆ. ಉತ್ತರಿಸದಿದ್ದಲ್ಲಿ ಮಾತ್ರ ಕಡತ ಮುಕ್ತಾಯವಾಗುವ ಸಂಭವವಿರುತ್ತದೆ. "ಮುಂದಿನ ಕ್ರಮಕ್ಕಾಗಿ ಕಳುಹಿಸಿದೆ" ಎಂದಿದ್ದಲ್ಲಿ ಅರ್ಜಿಯು ಬೇರೆ ಕಚೇರಿಯಲ್ಲಿದ್ದು, ಅಲ್ಲಿಯೇ ವಿಚಾರಿಸತಕ್ಕದ್ದು. "ಪರಿಗಣಿಸಲು ಅವಕಾಶವಿರುವುದಿಲ್ಲ" ಎಂಬುದು ಮಾತ್ರ ನಿರಾಕರಣೆ. ದೊರೆಯಬೇಕಾದ ಪಿಂಚಣಿಯನ್ನು ಮೊದಲನೆಯ ವಿಧದ ಹಿಂಬರಹ ಓದಿ ಕೈಬಿಟ್ಟರೆ ಆಗುವ ನಷ್ಟ ಸಣ್ಣದಲ್ಲ.

ನಿರಾಕರಣೆಗೆ ಕಾರಣ ಕೇಳುವುದು ಅಧಿಕಾರಿಯನ್ನು ಪ್ರಶ್ನಿಸಿದಂತಲ್ಲ. ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 4(1)(ಡಿ) ಪ್ರಕಾರ ಆಡಳಿತಾತ್ಮಕ ನಿರ್ಧಾರದ ಕಾರಣಗಳನ್ನು ಬಾಧಿತರಿಗೆ ಒದಗಿಸತಕ್ಕದ್ದು. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಗೆ ಬರುವ ಸೇವೆಗಳಲ್ಲಿ ನಿರಾಕರಣೆಯ ವಿರುದ್ಧ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

ಮೌಖಿಕ ಮಾತುಕತೆ

ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ ಅವರು 1976ರ ತಮ್ಮ ಗ್ರಂಥದಲ್ಲಿ, ಎಲ್ಲವನ್ನೂ ಮಾತಿನಲ್ಲೇ ಬಿಡಿಸಿ ಹೇಳುವ ಸಮಾಜಗಳನ್ನೂ, ಹೆಚ್ಚಿನದನ್ನು ಸಂದರ್ಭಕ್ಕೇ ಬಿಡುವ ಸಮಾಜಗಳನ್ನೂ ಪ್ರತ್ಯೇಕಿಸಿದರು. ನಮ್ಮ ಕಚೇರಿಗಳಲ್ಲಿ ಇವೆರಡೂ ಒಂದೇ ಮೇಜಿನಲ್ಲಿವೆ. ಕಡತದಲ್ಲಿ ಎಲ್ಲವೂ ವಿವರವಾಗಿರುತ್ತದೆ. ಬಾಯಿಮಾತಿನಲ್ಲಿ "ನೋಡೋಣ" ಎಂಬುದು ಒಪ್ಪಿಗೆಯೂ ಆಗಬಹುದು, ಇಲ್ಲವೆನ್ನುವ ಸಭ್ಯ ವಿಧಾನವೂ ಆಗಬಹುದು.

ಪ್ರಾದೇಶಿಕ ವ್ಯತ್ಯಾಸವನ್ನೂ ಗಮನಿಸಬೇಕು. 1956ರಲ್ಲಿ ಮುಂಬಯಿ, ಹೈದರಾಬಾದ್, ಮದರಾಸು ಹಾಗೂ ಕೊಡಗಿನ ಕನ್ನಡ ಪ್ರದೇಶಗಳು ಮೈಸೂರಿನೊಂದಿಗೆ ಸೇರಿದಾಗ ಆಡಳಿತದ ಪದಗಳೂ ಜೊತೆಗೆ ಬಂದವು. ಬೆಳಗಾವಿ ಕಡೆಯವರು "ಉತಾರ" ಎಂದು ಕೇಳುವುದನ್ನು ಮೈಸೂರು ಕಡೆಯ ನೌಕರರು "ಪಹಣಿ" ಎಂದು ಅರಿತುಕೊಳ್ಳಬೇಕಾಗುತ್ತದೆ. ಧಾರವಾಡ ಕಡೆಯ ನೇರ ಮಾತು ದಕ್ಷಿಣದವರಿಗೆ ಒರಟಾಗಿ ಕೇಳಿಸಬಹುದು. ವಾಸ್ತವವಾಗಿ ಪ್ರತಿ ಮಾತಿನ ಕೊನೆಗೆ ಬರುವ "ರೀ" ಗೌರವ ಸೂಚಕವೇ ಆಗಿರುತ್ತದೆ. ಅದೇ ರೀತಿ ದಕ್ಷಿಣದವರ ಸುತ್ತುಬಳಸಿನ ವಿನಯವನ್ನು ಉತ್ತರದವರು ಜಾರಿಕೊಳ್ಳುವಿಕೆ ಎಂದು ತಿಳಿಯಬಾರದು.

ಬರೆಯಲು ಸಾಧ್ಯವಾಗದ ಅರ್ಜಿದಾರರು ಮೌಖಿಕವಾಗಿ ಮಾಹಿತಿ ಕೋರಿದಲ್ಲಿ, ಅದನ್ನು ಲಿಖಿತ ರೂಪಕ್ಕೆ ತರಲು ಸಾರ್ವಜನಿಕ ಮಾಹಿತಿ ಅಧಿಕಾರಿಯು ನೆರವು ನೀಡತಕ್ಕದ್ದೆಂದು ಮಾಹಿತಿ ಹಕ್ಕು ಅಧಿನಿಯಮದ ಪ್ರಕರಣ 6(1) ತಿಳಿಸುತ್ತದೆ. ಇತರೆ ವಿಷಯಗಳಲ್ಲಿ, ಕೌಂಟರಿನಲ್ಲಿ ದೊರೆತ ಮೌಖಿಕ ಭರವಸೆಯನ್ನು ದಿನಾಂಕದೊಂದಿಗೆ ಒಂದು ಸಾಲಿನ ಮನವಿಯಲ್ಲಿ ಬರೆದು ಸಲ್ಲಿಸಿ, ನಕಲಿನ ಮೇಲೆ ಸ್ವೀಕೃತಿ ಮೊಹರು ಪಡೆದುಕೊಳ್ಳುವುದು.